ಶ್ರೇಯಾಂಕ ಬೇರೆ, ರ‍್ಯಾಂಕಿಂಗ್ ಬೇರೆ

ಮಾನ್ಯ ಸಂಪಾದಕರೇ,

ಮುಂಬೈ ಮತ್ತು ಪುಣೆಯ ಕನ್ನಡಿಗರ ಮನೆಗೆ ಬರುವ ಪತ್ರಿಕೆಗಳ ಕ್ರೀಡಾ ಪುಟದಲ್ಲಿ ಜೂನಿಯರ್ ಟೆನಿಸ್ ಸುದ್ದಿಗೆ ಈಚೆಗೆ ಜಾಗ ಸಿಗುತ್ತಿದೆ. ಇದು ಸಂತೋಷದ ವಿಷಯವೇ. ಆದರೆ ಒಂದು ಪದದಿಂದ ದೊಡ್ಡ ಗೊಂದಲವಾಗುತ್ತಿದೆ. ‘ಅಗ್ರ ಶ್ರೇಯಾಂಕದ ಆಟಗಾರ್ತಿಗೆ ಪ್ರಶಸ್ತಿ’ ಎಂಬ ತಲೆಬರಹ ಓದಿದವರು ಆ ಹುಡುಗಿ ದೇಶಕ್ಕೇ ಮೊದಲಿಗಳು ಎಂದುಕೊಳ್ಳುತ್ತಾರೆ. ಅಸಲಿಗೆ ಆ ವಾರ ಆ ಟೂರ್ನಿಗೆ ಬಂದವರ ಪೈಕಿ ಅವಳ ಸ್ಥಾನ ಮೇಲಿತ್ತು, ಅಷ್ಟೇ. ಬಲಿಷ್ಠರು ಮೊದಲ ಸುತ್ತಿನಲ್ಲೇ ಒಬ್ಬರಿಗೊಬ್ಬರು ಎದುರಾಗದಂತೆ ಡ್ರಾದಲ್ಲಿ, ಅಂದರೆ ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿಯಲ್ಲಿ, ದೂರ ದೂರ ಕೂರಿಸುವುದಕ್ಕೆ ಶ್ರೇಯಾಂಕ (ಸೀಡಿಂಗ್) ಎನ್ನುತ್ತಾರೆ. ಫೈನಲ್ ಮುಗಿದ ಸಂಜೆಗೆ ಅದರ ಬೆಲೆಯೂ ಮುಗಿಯಿತು. ರ‍್ಯಾಂಕಿಂಗ್ ಹಾಗಲ್ಲ, ಅದು 52 ವಾರಗಳ ಲೆಕ್ಕದ ಪುಸ್ತಕ. ಎರಡಕ್ಕೂ ‘ಶ್ರೇಯಾಂಕ’ ಎಂದೇ ಬರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

‘ಐಟಿಎಫ್ ಪ್ರಶಸ್ತಿ’ ಎಂಬ ಮಾತೂ ಹೀಗೆಯೇ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 13ರಿಂದ 18 ವರ್ಷದವರಿಗೆ ಜೂನಿಯರ್ ಟೂರ್ನಿಗಳನ್ನೂ ನಡೆಸುತ್ತದೆ, ವೃತ್ತಿಪರರ ಕೆಳಹಂತದ ಟೂರ್ನಿಗಳನ್ನೂ ನಡೆಸುತ್ತದೆ. ಜೂನಿಯರ್‌ನ ಕೆಳಹಂತ ಜೆ-30 ಗೆದ್ದ ಹುಡುಗನೂ ಐಟಿಎಫ್ ಚಾಂಪಿಯನ್, ವೃತ್ತಿಪರ ಪುರುಷರ ಎಂ-25 ಗೆದ್ದ 27 ವರ್ಷದ ಗಂಡಸೂ ಐಟಿಎಫ್ ಚಾಂಪಿಯನ್. ಇವೆರಡರ ನಡುವೆ ಇರುವ ದೂರವನ್ನು ದಾಟಲಾಗದೆ ನಿಂತುಹೋದವರೇ ಹೆಚ್ಚು. ಆ ದೂರ ಎಂಥದ್ದು, ಎಲ್ಲಿ ಎಡವುತ್ತಾರೆ, ಏಕೆ ಎಡವುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದ್ದರೆ ಕ್ಷಮೆ ಇರಲಿ.

ಜೂನಿಯರ್ ಟೂರ್ನಿಗಳ ಹಂತಗಳು ಜೆ-30, 60, 100, 200, 300, 500. ಅದರ ಮೇಲೆ ಜೂನಿಯರ್ ಗ್ರ್ಯಾಂಡ್‌ಸ್ಲಾಂ. ಹೆಸರಿನಲ್ಲಿರುವ ಅಂಕಿಯೇ ಸಿಂಗಲ್ಸ್ ಗೆದ್ದವರಿಗೆ ಸಿಗುವ ಪಾಯಿಂಟ್, ಗ್ರ್ಯಾಂಡ್‌ಸ್ಲಾಂಗೆ 1000. ರ‍್ಯಾಂಕಿಂಗ್‌ಗೆ ಸಿಂಗಲ್ಸ್‌ನ ಅತ್ಯುತ್ತಮ ಆರು ಫಲಿತಾಂಶ, ಜತೆಗೆ ಡಬಲ್ಸ್‌ನ ಅತ್ಯುತ್ತಮ ಆರು ಫಲಿತಾಂಶಗಳ ಕಾಲು ಭಾಗವನ್ನು ಸೇರಿಸುತ್ತಾರೆ. ಲೆಕ್ಕ ಆರಕ್ಕೇ ನಿಲ್ಲುವುದರಿಂದ ಏಳನೇ ಜೆ-30 ಪ್ರಶಸ್ತಿಯಿಂದ ಒಂದು ಪಾಯಿಂಟೂ ಹೆಚ್ಚುವುದಿಲ್ಲ. ಆದರೆ ಒಂದು ಜೆ-300ರಲ್ಲಿ ಕ್ವಾರ್ಟರ್‌ಫೈನಲ್ ತಲುಪಿದರೆ 100 ಪಾಯಿಂಟ್, ಅಂದರೆ ಮೂರು ಜೆ-30 ಪ್ರಶಸ್ತಿಗಿಂತ ಜಾಸ್ತಿ. ಮನೆಯಲ್ಲಿ ಕಪ್ಪುಗಳ ಸಾಲು ಬೆಳೆಯುತ್ತಿದ್ದರೂ ರ‍್ಯಾಂಕಿಂಗ್ ಕದಲದೆ ಇರುವುದಕ್ಕೆ ಇದೇ ಕಾರಣ. ಒಂದೇ ಹಂತದಲ್ಲಿ ಎರಡು ಪ್ರಶಸ್ತಿ ಬಂದ ಮೇಲೆ ಮೂರನೆಯದಕ್ಕೆ ಅಲ್ಲೇ ಕಾಯುವುದು ವೇಳೆ ಹಾಳು ಎಂದು ನಮ್ಮ ಅಭಿಪ್ರಾಯ.

ಇಷ್ಟೆಲ್ಲ ಗಳಿಸಿದ ಜೂನಿಯರ್ ಪಾಯಿಂಟ್‌ಗಳಲ್ಲಿ ಒಂದೇ ಒಂದೂ ವೃತ್ತಿಪರ ರ‍್ಯಾಂಕಿಂಗ್‌ಗೆ ವರ್ಗಾವಣೆಯಾಗುವುದಿಲ್ಲ. ಶಾಲೆಯಲ್ಲಿ ಏಳನೇ ತರಗತಿ ಪಾಸಾದವರು ಎಂಟಕ್ಕೆ ಹೋದ ಹಾಗೆ ಅಲ್ಲ ಇದು. ಹೊಸ ಶಾಲೆ, ಹೊಸ ಪಾಟಿ, ಮತ್ತೆ ‘ಅ ಆ ಇ ಈ’. ಮಹಿಳೆಯರ ಡಬ್ಲ್ಯು-15 ಗೆದ್ದರೆ 15 ಪಾಯಿಂಟ್, ಫೈನಲ್ ಸೋತರೆ 10, ಸೆಮಿಗೆ 6, ಕ್ವಾರ್ಟರ್‌ಗೆ 3, ಎರಡನೇ ಸುತ್ತಿಗೆ 1. ಮೊದಲ ಸುತ್ತಿನಲ್ಲಿ ಸೋತರೆ ಸೊನ್ನೆ. ಪುರುಷರ ಎಂ-15ರಲ್ಲಿ ಇದು 15, 8, 4, 2, 1. ಹುಡುಗರಿಗೆ ಒಂದು ಪಾಯಿಂಟ್ ಬಂದರೂ ಪಟ್ಟಿಯಲ್ಲಿ ಹೆಸರು ಬರುತ್ತದೆ. ಹುಡುಗಿಯರಿಗೆ ಹಾಗಿಲ್ಲ: ಮೂರು ಟೂರ್ನಿಗಳಲ್ಲಿ ಪಾಯಿಂಟ್ ಗಳಿಸಬೇಕು, ಇಲ್ಲವೇ ಒಟ್ಟು 10 ಪಾಯಿಂಟ್ ಆಗಬೇಕು. ಎರಡು ಟೂರ್ನಿ ಚೆನ್ನಾಗಿ ಆಡಿದ ಹುಡುಗಿಯ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ ಯಾರೋ ಅನ್ಯಾಯ ಮಾಡಿದರು ಎಂದು ಗಾಬರಿಯಾಗಬೇಕಾಗಿಲ್ಲ.

ಮುಂಬೈ ಓದುಗರಿಗೆ ಇದರ ಅಳತೆ ಗೊತ್ತಾಗಲು 2025ರ ಫೆಬ್ರುವರಿಯ ಒಂದು ವಾರ ಸಾಕು. ಚರ್ಚ್‌ಗೇಟ್ ಬಳಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಕೋರ್ಟುಗಳಲ್ಲಿ ನಡೆದ ಡಬ್ಲ್ಯುಟಿಎ (ವೃತ್ತಿಪರ ಮಹಿಳಾ ಟೆನಿಸ್ ಸಂಸ್ಥೆ) 125 ಹಂತದ ಟೂರ್ನಿಯಲ್ಲಿ ಕೊಯಮತ್ತೂರಿನ ಮಾಯಾ ರಾಜೇಶ್ವರನ್ ರೇವತಿ ಅರ್ಹತಾ ಸುತ್ತಿನಿಂದ ಗೆದ್ದು ಬಂದು ಸೆಮಿಫೈನಲ್ ತಲುಪಿದರು. ಆಗ ಅವರಿಗೆ 15 ವರ್ಷ. ಅಲ್ಲಿ ಅವರನ್ನು ಸೋಲಿಸಿದ ಸ್ವಿಟ್ಜರ್ಲೆಂಡಿನ ಜಿಲ್ ಟೀಚ್‌ಮನ್ ಅವರೇ ಪ್ರಶಸ್ತಿಯನ್ನೂ ಗೆದ್ದರು. ಆ ಮಟ್ಟದಲ್ಲಿ ಸೆಮಿಫೈನಲ್‌ಗೆ 49 ಪಾಯಿಂಟ್. ಮೂರು ಡಬ್ಲ್ಯು-15 ಪ್ರಶಸ್ತಿ ಗೆದ್ದರೂ ಬರುವುದು 45. ಒಂದು ವಾರದಲ್ಲಿ ಹೀಗೆ ಮೆಟ್ಟಿಲು ಹಾರುವುದು ಸಾಧ್ಯ. ಆದರೆ ಆ ಪಾಯಿಂಟ್‌ಗಳೂ 52 ವಾರದ ನಂತರ ಉದುರುತ್ತವೆ. ಮರುವರ್ಷ ಅದೇ ವಾರದ ಹೊತ್ತಿಗೆ ಬೇರೆಡೆ ಅಷ್ಟು ಗಳಿಸಿರದಿದ್ದರೆ ರ‍್ಯಾಂಕಿಂಗ್ ದಬಕ್ಕನೆ ಕುಸಿಯುತ್ತದೆ. ಆಗ ಪತ್ರಿಕೆಗಳು ‘ಫಾರ್ಮ್ ಕಳೆದುಕೊಂಡ ಆಟಗಾರ್ತಿ’ ಎಂದು ಬರೆಯದಿದ್ದರೆ ಸಾಕು.

ಪುಣೆಯದು ಇನ್ನೊಂದು ಉದಾಹರಣೆ. 2023ರ ಜನವರಿಯಲ್ಲಿ ಬಾಲೆವಾಡಿಯ ಎಟಿಪಿ (ವೃತ್ತಿಪರ ಪುರುಷರ ಟೆನಿಸ್ ಸಂಸ್ಥೆ) 250 ಹಂತದ ಟೂರ್ನಿಯ ಮುಖ್ಯ ಡ್ರಾಕ್ಕೆ ಇದೇ ಊರಿನ ಮಾನಸ್ ಧಾಮ್ಣೆ ವೈಲ್ಡ್‌ಕಾರ್ಡ್ (ಆಯೋಜಕರು ನೇರವಾಗಿ ಕೊಡುವ ಪ್ರವೇಶ) ಪಡೆದಾಗ ವಯಸ್ಸು 15. ಮೊದಲ ಸುತ್ತಿನಲ್ಲಿ ಅಮೆರಿಕದ ಮೈಕಲ್ ಮೋ ಎದುರು 2-6, 4-6ರಿಂದ ಸೋತರು. ಆ ವಯಸ್ಸಿಗೆ ಅದು ಚೆನ್ನಾಗಿಯೇ ಆಡಿದ ಪಂದ್ಯ. ಆದರೆ 250ರ ಮೊದಲ ಸುತ್ತಿನ ಸೋಲಿಗೆ ಪಾಯಿಂಟ್ ಇಲ್ಲ. ವೃತ್ತಿಪರ ಮಟ್ಟದ ಮೊದಲ ಸಿಂಗಲ್ಸ್ ಪ್ರಶಸ್ತಿ ಬಂದದ್ದು 2025ರಲ್ಲಿ, ಟ್ಯುನೀಶಿಯಾದ ಮೊನಾಸ್ಟಿರ್‌ನ ಎಂ-15ರಲ್ಲಿ. ಬಾಲೆವಾಡಿಯ ದೀಪಗಳ ಕೆಳಗಿನ ಆ ಪಂದ್ಯಕ್ಕೂ ಮೊನಾಸ್ಟಿರ್‌ನ ಖಾಲಿ ಬೆಂಚುಗಳ ಮುಂದಿನ ಪ್ರಶಸ್ತಿಗೂ ನಡುವೆ ಎರಡು ವರ್ಷಕ್ಕೂ ಹೆಚ್ಚು ಕಾಲ. ಆ ಕಾಲದಲ್ಲಿ ಏನಾಯಿತು ಎಂದು ಕ್ರೀಡಾ ಪುಟ ಕೇಳಬೇಕಿತ್ತು.

ಇನ್ನೂ ಹಳೆಯದು ಬೇಕೆಂದರೆ ಯೂಕಿ ಭಾಂಬ್ರಿ. 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಚಾಂಪಿಯನ್, ಜೂನಿಯರ್ ವಿಶ್ವದ ನಂಬರ್ ಒನ್. ಅವರು ಸಿಂಗಲ್ಸ್‌ನಲ್ಲಿ ಮೊದಲ ನೂರರೊಳಗೆ ಬಂದದ್ದು 2015ರಲ್ಲಿ. ಅದಕ್ಕೆ ಆರು ವರ್ಷ ಹಿಡಿಯಿತು.

ಈಗ ವಯಸ್ಸಿನ ನಿಯಮ. 14 ತುಂಬುವ ಮುನ್ನ ಹುಡುಗಿಯರು ವೃತ್ತಿಪರ ಟೂರ್ನಿ ಆಡುವಂತಿಲ್ಲ. ನಂತರ ಒಂದು ಹುಟ್ಟುಹಬ್ಬದಿಂದ ಮುಂದಿನ ಹುಟ್ಟುಹಬ್ಬದವರೆಗೆ ಮೂಲ ಮಿತಿ 14ರಲ್ಲಿ 8 ಟೂರ್ನಿ, 15ರಲ್ಲಿ 10, 16ರಲ್ಲಿ 12, 17ರಲ್ಲಿ 16. ಚೆನ್ನಾಗಿ ಆಡಿದವರಿಗೆ ಸ್ವಲ್ಪ ಹೆಚ್ಚುವರಿ ಸಿಗುತ್ತದೆ. 1990ರ ದಶಕದಲ್ಲಿ ಎಳೆಯ ಆಟಗಾರ್ತಿಯರು ಬೇಗ ಬಳಲಿ ಬಿದ್ದದ್ದನ್ನು ನೋಡಿ ತಂದ ನಿಯಮವಿದು, ನಮ್ಮ ಪ್ರಕಾರ ಸರಿಯಾದದ್ದೇ. ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲೇ ಸೋತು ಹೊರಬಂದರೂ ಆ ಮಿತಿಯಲ್ಲಿ ಒಂದು ಖರ್ಚಾಯಿತು. ಪಕ್ಕದ ಊರಲ್ಲೇ ಇದೆ ಎಂದು 15ರ ಹುಡುಗಿಯನ್ನು ಸಿಕ್ಕಸಿಕ್ಕ ಡಬ್ಲ್ಯು-35ರ ಅರ್ಹತಾ ಸುತ್ತಿಗೆ ನುಗ್ಗಿಸಿ, ಕೊನೆಗೆ ನಿಜವಾಗಿ ಆಡಬೇಕಾದ ವಾರಕ್ಕೆ ಮಿತಿ ಮುಗಿದಿರುತ್ತದೆ. ಹುಡುಗರಿಗೆ ಈ ನಿರ್ಬಂಧ ಇಷ್ಟು ಉದ್ದ ಇಲ್ಲ.

ಜೂನಿಯರ್‌ನಿಂದ ಆಚೆಗೆ ಇರುವ ಒಂದೇ ಅಧಿಕೃತ ಬಾಗಿಲು ಕಾಯ್ದಿರಿಸಿದ ಸ್ಥಾನಗಳು. ಜೂನಿಯರ್ ವಿಶ್ವ ರ‍್ಯಾಂಕಿಂಗ್‌ನಲ್ಲಿ ಮೊದಲ 100ರೊಳಗೆ ಇದ್ದವರಿಗೆ ಕೆಳಹಂತದ ವೃತ್ತಿಪರ ಟೂರ್ನಿಗಳ ಮುಖ್ಯ ಡ್ರಾದಲ್ಲಿ ಕೆಲವು ಸ್ಥಾನ ತೆಗೆದಿಟ್ಟಿರುತ್ತಾರೆ. ವರ್ಷಾಂತ್ಯದಲ್ಲಿ ಮೊದಲ 20ರೊಳಗೆ ಇದ್ದವರಿಗೆ ಮರುವರ್ಷ ಇನ್ನೂ ಮೇಲಿನ ಹಂತದಲ್ಲಿ ಅವಕಾಶ. ಆದ್ದರಿಂದ ಜೂನಿಯರ್ ರ‍್ಯಾಂಕಿಂಗ್‌ನ ನಿಜವಾದ ಬೆಲೆ ಸನ್ಮಾನದಲ್ಲಿ ಇಲ್ಲ, ಈ ಬಾಗಿಲಲ್ಲಿ ಇದೆ. 140ನೇ ಸ್ಥಾನಕ್ಕೂ 95ಕ್ಕೂ ಪತ್ರಿಕೆಯಲ್ಲಿ ವ್ಯತ್ಯಾಸ ಕಾಣದು. ಆದರೆ 95ರವನು ನೇರ ಮುಖ್ಯ ಡ್ರಾ ಆಡುತ್ತಾನೆ, 140ರವನು ಭಾನುವಾರ ಬೆಳಿಗ್ಗೆ ಅರ್ಹತಾ ಸುತ್ತಿನಲ್ಲಿ ಇರುತ್ತಾನೆ. ಅಲ್ಲಿ ಮೂರನೇ ಸೆಟ್ ಇಲ್ಲ, ಬದಲಿಗೆ ಹತ್ತು ಪಾಯಿಂಟಿನ ಟೈಬ್ರೇಕ್. ನಿಧಾನವಾಗಿ ಕಾವೇರುವ ಆಟಗಾರರಿಗೆ ಅದು ಕುತ್ತಿಗೆ ಹಿಸುಕಿದಂತೆ. 18 ತುಂಬುವ ವರ್ಷದ ಡಿಸೆಂಬರ್ 31ಕ್ಕೆ ಜೂನಿಯರ್ ಅವಧಿ ಮುಗಿಯುತ್ತದೆ, ಆ ಬಾಗಿಲು ಬಹುಕಾಲ ತೆರೆದಿರುವುದಿಲ್ಲ. ಜನವರಿಯಲ್ಲಿ ಹುಟ್ಟಿದವರಿಗೆ ಸುಮಾರು 19ರವರೆಗೂ ಸಮಯ, ಡಿಸೆಂಬರ್‌ನಲ್ಲಿ ಹುಟ್ಟಿದವರಿಗೆ ಒಂದು ವರ್ಷ ಕಡಿಮೆ. ಹೋಲಿಕೆ ಮಾಡುವವರು ಹುಟ್ಟಿದ ತಿಂಗಳನ್ನೂ ನೋಡಲಿ.

ಹೆಚ್ಚಿನವರು ಕೈಸುಟ್ಟುಕೊಳ್ಳುವುದು ಕೋರ್ಟಿನಲ್ಲಲ್ಲ, ಕ್ಯಾಲೆಂಡರಿನಲ್ಲಿ. ವೃತ್ತಿಪರ ಟೂರ್ನಿಗೆ ಹೆಸರು ಕೊಡುವ ಕೊನೆಯ ಗಡುವು ಟೂರ್ನಿಯ ಸೋಮವಾರಕ್ಕೆ 18 ದಿನ ಮೊದಲಿನ ಗುರುವಾರ, ಗ್ರೀನಿಚ್ ಸಮಯ ಮಧ್ಯಾಹ್ನ 2. ನಮ್ಮ ಗಡಿಯಾರದಲ್ಲಿ ಸಂಜೆ 7:30. ದಂಡ ಇಲ್ಲದೆ ಹೆಸರು ಹಿಂತೆಗೆಯಲು 13 ದಿನ ಮೊದಲಿನ ಮಂಗಳವಾರ ಅದೇ ಹೊತ್ತು. ಜೂನಿಯರ್ ಟೂರ್ನಿಯ ಗಡುವು ಇನ್ನೂ ಮುಂಚೆ, ಸುಮಾರು ನಾಲ್ಕು ವಾರ ಮೊದಲೇ ಮುಗಿಯುತ್ತದೆ. ಅಂದರೆ ವೃತ್ತಿಪರ ಟೂರ್ನಿಯಲ್ಲಿ ಸ್ಥಾನ ಸಿಗುತ್ತದೋ ಇಲ್ಲವೋ ತಿಳಿಯುವ ಮೊದಲೇ ಜೂನಿಯರ್‌ನಲ್ಲಿ ಹೆಸರು ಕೊಟ್ಟಿರಬೇಕು, ಆಮೇಲೆ ಒಂದನ್ನು ಸಮಯಕ್ಕೆ ಬಿಡಬೇಕು. ಎರಡು ದೋಣಿಯಲ್ಲಿ ಕಾಲಿಟ್ಟು ಮಂಗಳವಾರ ಸಂಜೆ 7:30 ದಾಟಿಸಿದವರಿಗೆ ದಂಡ ಗ್ಯಾರಂಟಿ. ಇವೆರಡೂ ಗಡುವುಗಳನ್ನು ಮನೆಯ ಫ್ರಿಜ್ ಮೇಲೆ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು. ಪೋಷಕರು ಆಫೀಸಿನಿಂದ ಲೋಕಲ್ ರೈಲಿನಲ್ಲಿ ನಿಂತು ಮನೆಗೆ ಬರುವ ಹೊತ್ತೇ ಅದು, ದಾದರ್–ಕುರ್ಲಾ ನಡುವೆ ನೆಟ್‌ವರ್ಕ್ ಇಲ್ಲ ಎಂದು ಐಟಿಎಫ್‌ಗೆ ಹೇಳಲಾಗದು.

ಹೆಸರು ಕೊಟ್ಟರೆ ಮುಗಿಯಲಿಲ್ಲ, ಜೂನಿಯರ್ ಟೂರ್ನಿಗಳಲ್ಲಿ ಆಟ ಶುರುವಾಗುವ ಹಿಂದಿನ ದಿನ ಸಂಜೆ 6ರೊಳಗೆ ಸ್ಥಳದಲ್ಲೇ ಸೈನ್-ಇನ್ (ಹಾಜರಿ) ಮಾಡಬೇಕು. ವಿಮಾನ ತಡವಾಗಿ 6:20ಕ್ಕೆ ತಲುಪಿದರೆ ಹೆಸರು ಹೋಯಿತು. ಡಬಲ್ಸ್ ಸೈನ್-ಇನ್ ಬೇರೆ. ಸಿಂಗಲ್ಸ್ ಸೋತ ಸಿಟ್ಟಿನಲ್ಲಿ ಡಬಲ್ಸ್ ಸೈನ್-ಇನ್ ಮರೆತು ಹೋಟೆಲ್‌ಗೆ ಹೋಗಿ ಮಲಗುವ ಮಕ್ಕಳು ಬಹಳ. ಪ್ರಯಾಣದ ಖರ್ಚಾಗಿದೆ, ಪಂದ್ಯ ಆಡುವ ಅವಕಾಶ ಮಾತ್ರ ಕೈಬಿಟ್ಟಿತು. ಕೊಡಗಿನ ರೋಹನ್ ಬೋಪಣ್ಣ ಹದಿಹರೆಯದಲ್ಲಿ ಇದೇ ಪುಣೆಗೆ ಬಂದು ನಂದನ್ ಬಾಳ್ ಅವರ ಬಳಿ ಕಲಿತವರು. 2024ರಲ್ಲಿ 43ರ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ನಂಬರ್ ಒನ್ ಆದರು. ಡಬಲ್ಸ್ ಎಂದರೆ ಸೋತವರ ಆಟ ಎಂಬ ಭಾವನೆ ನಮ್ಮ ಮಕ್ಕಳಿಗೆ ಎಲ್ಲಿಂದ ಬಂತೋ ಕಾಣೆ.

ವೀಸಾ ಇನ್ನೊಂದು ಗಂಟು. ಮೊನಾಸ್ಟಿರ್, ಟರ್ಕಿಯ ಅಂಟಾಲ್ಯ, ಈಜಿಪ್ಟಿನ ಶರ್ಮ್ ಎಲ್ ಶೇಖ್‌ಗಳಲ್ಲಿ ಒಂದೇ ಜಾಗದಲ್ಲಿ ವಾರದ ಮೇಲೆ ವಾರ ಎಂ-15, ಡಬ್ಲ್ಯು-15 ಹಂತದ ಟೂರ್ನಿ ನಡೆಯುತ್ತವೆ. ಒಮ್ಮೆ ಹೋಗಿ ಮೂರು ನಾಲ್ಕು ವಾರ ಆಡಿಬರುವುದರಿಂದ ವಿಮಾನದ ಖರ್ಚು ಹಂಚಿಹೋಗುತ್ತದೆ. ಯುರೋಪಿಗಾದರೆ ಷೆಂಗೆನ್ ವೀಸಾ, 180 ದಿನದಲ್ಲಿ 90 ದಿನದ ಮಿತಿ. ಪಾಸ್‌ಪೋರ್ಟ್ ವೀಸಾ ಕಚೇರಿಯಲ್ಲಿ ಇದ್ದಷ್ಟು ದಿನ ಬೇರೆ ದೇಶಕ್ಕೆ ಹೋಗುವಂತಿಲ್ಲ, ಬೇರೆ ವೀಸಾಗೂ ಅರ್ಜಿ ಹಾಕುವಂತಿಲ್ಲ. ಪಾಸ್‌ಪೋರ್ಟ್ ಕೈಯಲ್ಲಿಲ್ಲದ ಆ ವಾರಗಳನ್ನು ದೇಶದೊಳಗಿನ ಟೂರ್ನಿಗಳಿಗೆ ಮೊದಲೇ ಹೊಂದಿಸಿಕೊಳ್ಳಬೇಕು. ದೂರ ಹೋಗಬೇಕೆಂದೂ ಇಲ್ಲ: 2023ರಲ್ಲಿ ಧಾರವಾಡದಲ್ಲೂ ಕಲಬುರಗಿಯಲ್ಲೂ ಎಂ-25 ನಡೆದವು. ಪುಣೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಕಲಬುರಗಿಗೆ ವೀಸಾ ಬೇಡ.

ಹಣದ ಮಾತು ಚುಟುಕಾಗಿ. 15,000 ಡಾಲರ್ ಟೂರ್ನಿ (ಎಂ-15, ಡಬ್ಲ್ಯು-15) ಎಂದರೆ ಗೆದ್ದವರಿಗೆ 15,000 ಸಿಗುವುದಿಲ್ಲ, ಅದು ಎಲ್ಲರಿಗೂ ಹಂಚುವ ಮೊತ್ತ. ಸಿಂಗಲ್ಸ್ ಗೆದ್ದವರಿಗೆ 2,000 ಡಾಲರ್ ಮೇಲೆ ಸ್ವಲ್ಪ, ಮೊದಲ ಸುತ್ತಿನಲ್ಲಿ ಸೋತವರಿಗೆ ಸುಮಾರು 150. ಅದರಲ್ಲೂ ತೆರಿಗೆ ಕಡಿತ. ಅದು ವಾರದ ಹೋಟೆಲ್ ಬಾಡಿಗೆಗೂ ಸಾಲದು. ಕೋಚ್ ಜತೆಗೆ ಹೋದರೆ ಟಿಕೆಟ್, ಊಟ, ಕೋಣೆ ಎಲ್ಲವೂ ಎರಡು. ಹಾಗಾಗಿ ಮೂರು ಮಕ್ಕಳು ಸೇರಿ ಒಬ್ಬ ಕೋಚನ್ನು ಕರೆದೊಯ್ಯುವುದೇ ನಡೆಯುವ ಹಾದಿ. ಆದರೆ ಮೂವರ ರ‍್ಯಾಂಕಿಂಗ್ ಹತ್ತಿರಹತ್ತಿರ ಇರಬೇಕು, ಇಲ್ಲವಾದರೆ ಒಬ್ಬರಿಗೆ ಮುಖ್ಯ ಡ್ರಾ, ಇನ್ನೊಬ್ಬರಿಗೆ ಅರ್ಹತಾ ಸುತ್ತು, ಮೂರನೆಯವರಿಗೆ ಪ್ರವೇಶವೇ ಇಲ್ಲ. ಗುಂಪು ಎರಡೇ ವಾರದಲ್ಲಿ ಒಡೆಯುತ್ತದೆ.

ಮಳೆಗಾಲದ ಬಗ್ಗೆ ಯಾರೂ ಬರೆಯುವುದಿಲ್ಲ. ಮುಂಬೈಯ ಬಯಲು ಕೋರ್ಟುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹುತೇಕ ನೀರಿನ ಕೆಳಗೆ. ಕೂಪರೇಜ್ ಇರಲಿ, ಉಪನಗರದ ಜಿಮ್ಖಾನಾ ಇರಲಿ, ಸೂರಿರುವ ಕೋರ್ಟ್ ಬೆರಳೆಣಿಕೆಯಷ್ಟು. ಗೋವಾದ ಕತೆಯೂ ಇದೇ, ಇನ್ನೂ ಜೋರಾಗಿ. ಪುಣೆಯಲ್ಲಿ ಮಳೆ ಕಡಿಮೆ, ಬಾಲೆವಾಡಿಯಲ್ಲೋ ಡೆಕ್ಕನ್ ಜಿಮ್ಖಾನಾದಲ್ಲೋ ಬಿಡುವು ಸಿಕ್ಕರೆ ಆಡಬಹುದು. ಜೂನಿಯರ್ ಫ್ರೆಂಚ್ ಓಪನ್, ವಿಂಬಲ್ಡನ್, ಯುಎಸ್ ಓಪನ್ ಮೂರೂ ಬರುವುದು ಮೇ ಕೊನೆಯಿಂದ ಸೆಪ್ಟೆಂಬರ್‌ನೊಳಗೆ. ಯುರೋಪಿನ ಮಕ್ಕಳು ವರ್ಷದ ಅತಿ ಹೆಚ್ಚು ಪಂದ್ಯ ಆಡುವ ತಿಂಗಳುಗಳಲ್ಲಿ ಡೊಂಬಿವಲಿ, ಮೀರಾ ರೋಡ್‌ನ ಮಕ್ಕಳು ಕಿಟಕಿಯಿಂದ ಮಳೆ ನೋಡುತ್ತಿರುತ್ತಾರೆ. ಈ ನಾಲ್ಕು ತಿಂಗಳನ್ನು ದೇಹ ಕಟ್ಟಲು ಬಳಸಿಕೊಂಡವರು ಅಕ್ಟೋಬರ್‌ನಲ್ಲಿ ಬೇರೆಯೇ ಆಟಗಾರರಾಗಿ ಕಾಣುತ್ತಾರೆ. ಮಳೆ ನಿಂತ ಮೊದಲ ವಾರದಲ್ಲೇ ದಿನಕ್ಕೆ ನಾಲ್ಕು ಗಂಟೆ ಆಡಿಸುವುದು ಮಾತ್ರ ಗಾಯಕ್ಕೆ ಆಹ್ವಾನ. ಮೊದಲ ವಾರ ಒಂದೂವರೆ ಗಂಟೆ, ನಂತರ ವಾರಕ್ಕೆ ಅರ್ಧರ್ಧ ಗಂಟೆ ಏರಿಸಿದರೆ ಸಾಕು.

ಗಾಯದ ಮಾತು ಬಂತು. ಹದಿನಾಲ್ಕರಿಂದ ಹದಿನೇಳರೊಳಗಿನ ಆಟಗಾರರ ಸೊಂಟ ನೋವನ್ನು ‘ಸ್ನಾಯು ಹಿಡಿದಿದೆ, ಮುಲಾಮು ಹಚ್ಚು’ ಎಂದು ತಳ್ಳಿಹಾಕಬೇಡಿ. ಕಿಕ್ ಸರ್ವ್ (ನೆಲಕ್ಕೆ ಬಿದ್ದು ಎತ್ತರಕ್ಕೆ ಪುಟಿಯುವ ಸರ್ವ್) ಕಲಿಯುವಾಗ ಚೆಂಡನ್ನು ತಲೆಯ ಹಿಂದಕ್ಕೆ ಎಸೆದು ಬೆನ್ನನ್ನು ಹಿಂದಕ್ಕೆ ಬಾಗಿಸಿ ಒಮ್ಮೆಲೇ ತಿರುಚುತ್ತಾರೆ. ಆ ಒತ್ತಡ ಬೀಳುವುದು ಕೆಳಬೆನ್ನಿನ ಕೊನೆಯ ಕಶೇರುಗಳ ಹಿಂಭಾಗದ ತೆಳ್ಳನೆ ಮೂಳೆಯ ಮೇಲೆ. ಬೆಳೆಯುತ್ತಿರುವ ಮೂಳೆ, ದಿನಕ್ಕೆ ನೂರಾರು ಬಾರಿ ಅದೇ ಚಲನೆ. ಕೊನೆಗೆ ಕೂದಲೆಳೆಯಷ್ಟು ಬಿರುಕು. ಗುರುತು ಹೀಗೆ: ಒಂಟಿ ಕಾಲಿನ ಮೇಲೆ ನಿಂತು ಹಿಂದಕ್ಕೆ ಬಾಗಿದಾಗ ಒಂದೇ ಬದಿಯಲ್ಲಿ ಬೆರಳಿಟ್ಟು ತೋರಿಸುವಂಥ ನೋವು. ಮುಂದಕ್ಕೆ ಬಾಗಿದರೆ ಅಷ್ಟು ಇರುವುದಿಲ್ಲ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದಿರಬಹುದು, ಎಂಆರ್‌ಐಯಲ್ಲಿ ಗೊತ್ತಾಗುತ್ತದೆ. ಬೇಗ ಹಿಡಿದರೆ ಮೂರು ತಿಂಗಳ ಸುಮಾರಿನ ವಿಶ್ರಾಂತಿಯಲ್ಲಿ ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು. ಟೂರ್ನಿ ಇದೆ ಎಂದು ಮಾತ್ರೆ ನುಂಗಿಸಿ ಆಡಿಸಿದರೆ ವರ್ಷವೇ ಹೋಗಬಹುದು. ತಡೆಯಲು ಖರ್ಚಿಲ್ಲದ ಎರಡು ಕೆಲಸ: ಪ್ರತಿ ತಿಂಗಳು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ ಗುರುತು ಹಾಕಿ, ಎತ್ತರ ಸರ್ರನೆ ಏರುತ್ತಿರುವ ತಿಂಗಳುಗಳಲ್ಲಿ ಸರ್ವ್ ಸಂಖ್ಯೆ ಇಳಿಸಿ. ಸರ್ವ್ ಎಣಿಸುವುದನ್ನು ರೂಢಿ ಮಾಡಿ. ಬುಟ್ಟಿ ಖಾಲಿಯಾಗುವವರೆಗೆ ಹೊಡೆಯುವುದು ಲೆಕ್ಕವಲ್ಲ, ಬುಟ್ಟಿಯಲ್ಲಿ 70 ಚೆಂಡೋ 150ಓ ಯಾರಿಗೂ ಗೊತ್ತಿರುವುದಿಲ್ಲ.

ರಾಕೆಟ್ಟಿನ ತಂತಿಯ ಕಡೆ ಬನ್ನಿ. ಜೂನಿಯರ್ ಮಟ್ಟದಲ್ಲಿ ತಂತಿ ಹರಿದ ಮೇಲೆ ಬದಲಿಸುತ್ತಾರೆ. ಪಾಲಿಯೆಸ್ಟರ್ ತಂತಿ ಹರಿಯುವ ಬಹಳ ಮೊದಲೇ ಸತ್ತಿರುತ್ತದೆ. ಯಂತ್ರದಿಂದ ಇಳಿಸಿದ ಗಳಿಗೆಯಿಂದ ಬಿಗಿ ಇಳಿಯುತ್ತಾ ಹೋಗುತ್ತದೆ, ಹತ್ತು ಹನ್ನೆರಡು ಗಂಟೆಯ ಜೋರು ಆಟದ ಹೊತ್ತಿಗೆ ಸ್ಥಿತಿಸ್ಥಾಪಕತ್ವ ಮುಗಿದಿರುತ್ತದೆ. ಉದ್ದ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಬಿಡಿ. ‘ಟಕ್’ ಎಂದು ಜಾಗಕ್ಕೆ ಮರಳಿದರೆ ಜೀವ ಇದೆ, ಎಳೆದಲ್ಲೇ ನಿಂತರೆ ಇಲ್ಲ. ಅಡ್ಡ ತಂತಿ ದಾಟುವಲ್ಲಿ ಉಗುರಿಗೆ ತಾಗುವ ಗೀರು ಆಳವಾಗಿದ್ದರೂ ಅದೇ ಅರ್ಥ. ಸತ್ತ ತಂತಿಯಲ್ಲಿ ಚೆಂಡು ತಿರುಗದೆ ಬೇಸ್‌ಲೈನಿನಿಂದ ಆಚೆ ಬೀಳುತ್ತದೆ. ಆಗ ಹುಡುಗ ಕೈ ಹಿಡಿದು ಹೊಡೆಯತೊಡಗುತ್ತಾನೆ, ಕೋಚ್ ಫೋರ್‌ಹ್ಯಾಂಡ್ ತಿದ್ದತೊಡಗುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಒಂದು ರಾಕೆಟ್ಟಿಗೆ ಸುಮಾರು 12 ಮೀಟರ್ ತಂತಿ ಬೇಕು. 200 ಮೀಟರಿನ ಒಂದು ರೀಲ್ ಕೊಂಡರೆ 16 ರಾಕೆಟ್ ಆಗುತ್ತದೆ, ಬಿಡಿ ಪೊಟ್ಟಣಕ್ಕಿಂತ ಎಷ್ಟೋ ಅಗ್ಗ. ಹಾಕಿಸುವಾಗ ಉದ್ದ ತಂತಿಗಳನ್ನು ನಡುವಿನಿಂದ ಎರಡೂ ಬದಿಗೆ ಸಮವಾಗಿ ಎಳೆಯುತ್ತಾ ಹೋಗಬೇಕು. ಒಂದೇ ಬದಿಯಲ್ಲಿ ಎರಡು ಮೂರು ತಂತಿಗಿಂತ ಮುಂದೆ ಹೋದರೆ ಚೌಕಟ್ಟು ಸೊಟ್ಟಗಾಗುತ್ತದೆ. ಅಡ್ಡ ತಂತಿ ತಲೆಯಿಂದ ಹಿಡಿಕೆಯ ಕಡೆಗೆ ಇಳಿಯಬೇಕು, ಕೆಳಗಿನಿಂದ ಮೇಲಕ್ಕೆ ಹಾಕಿದರೆ ಒತ್ತಡವೆಲ್ಲ ತಲೆಯ ಕಡೆ ಸೇರಿ ಚೌಕಟ್ಟು ಬಿರುಕು ಬಿಡುವ ಅಪಾಯ. ಬೆಳೆಯುವ ತೋಳಿಗೆ ಪಾಲಿಯೆಸ್ಟರ್ 50 ಪೌಂಡ್ ಮೀರಬೇಕಿಲ್ಲ, ಅದಕ್ಕಿಂತ ಎರಡು ಮೂರು ಪೌಂಡ್ ಕಡಿಮೆಯೇ ಮೇಲು. ಅಡ್ಡಕ್ಕೆ ಮೆದು ತಂತಿ ಬೆರೆಸಿದರೆ ಮೊಣಕೈಗೆ ಇನ್ನೂ ಹಿತ. ಸಮುದ್ರಮಟ್ಟದ ಮುಂಬೈಯಲ್ಲಿ ಸರಿಯಾದ ಬಿಗಿ 560 ಮೀಟರ್ ಎತ್ತರದ ಪುಣೆಯಲ್ಲಿ ತುಸು ಸಡಿಲ ಅನ್ನಿಸುತ್ತದೆ, ಚೆಂಡು ಅಲ್ಲಿ ಒಂದಿಷ್ಟು ಹೆಚ್ಚು ಹಾರುತ್ತದೆ. ಒಂದು ಪೌಂಡ್ ಏರಿಸಿದರೆ ಸಾಕು. ತಂತಿ ಹಾಕಿಸಿದ ದಿನಾಂಕ, ಬಿಗಿ ಎರಡನ್ನೂ ರಾಕೆಟ್ಟಿನ ಕುತ್ತಿಗೆಗೆ ಪಟ್ಟಿ ಅಂಟಿಸಿ ಬರೆಯಿರಿ. ಮೇ ತಿಂಗಳ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟ ರಾಕೆಟ್ ಪಂದ್ಯಕ್ಕೆ ಉಪಯೋಗವಿಲ್ಲ.

ಆಟದಲ್ಲೇ ಬದಲಾಗುವುದು ಮುಖ್ಯವಾಗಿ ಎರಡನೇ ಸರ್ವ್. ಜೂನಿಯರ್ ಮಟ್ಟದಲ್ಲಿ ಎರಡನೇ ಸರ್ವ್ ಎಂದರೆ ಪಾಯಿಂಟ್ ಶುರು ಮಾಡುವ ವಿಧಾನ, ಎದುರಾಳಿ ಅದನ್ನು ಸುಮ್ಮನೆ ಮರಳಿಸುತ್ತಾನೆ. ಎಂ-15ರಲ್ಲಿ ಒಂದು ಹೆಜ್ಜೆ ಒಳಗೆ ನಿಂತವನು ಅದನ್ನೇ ಕಾಯುತ್ತಿರುತ್ತಾನೆ. ಜೂನಿಯರ್‌ನಲ್ಲಿ ಉದ್ದದ ರ‍್ಯಾಲಿ ಆಡಿ ಎದುರಾಳಿಯ ತಪ್ಪಿಗೆ ಕಾದು ಗೆದ್ದವರಿಗೆ ಇಲ್ಲಿ ತಪ್ಪೇ ಸಿಗುವುದಿಲ್ಲ. ಅದಕ್ಕೇ ಅಭ್ಯಾಸದಲ್ಲಿ ಮೊದಲ ಸರ್ವ್ ಇಲ್ಲದೆ ಬರೀ ಎರಡನೇ ಸರ್ವ್‌ನಿಂದ ಪೂರ್ತಿ ಸೆಟ್ ಆಡಿಸಬೇಕು. ಮೊದಲ ದಿನ 1-6 ಆಗುತ್ತದೆ, ಆಗಲಿ. ಜೆ-30ರ ಮೊದಲ ಸುತ್ತುಗಳಲ್ಲಿ ಗೆರೆಯ ತೀರ್ಪು ಹಲವು ಕಡೆ ಆಟಗಾರರದೇ, ಅಂಪೈರ್ ಸುತ್ತುತ್ತಿರುತ್ತಾರೆ. ವೃತ್ತಿಪರ ಮುಖ್ಯ ಡ್ರಾದಲ್ಲಿ ಕುರ್ಚಿಯ ಅಂಪೈರ್ ಇದ್ದಾರೆ, ಪಾಯಿಂಟ್‌ಗಳ ನಡುವೆ 25 ಸೆಕೆಂಡಿನ ಗಡಿಯಾರ ಇದೆ. 2025ರಿಂದ ಅಂಗಣದ ಹೊರಗಿನಿಂದ ಕೋಚ್ ಸಲಹೆ ಕೊಡಲೂ ಅವಕಾಶ ಇದೆ. ಪ್ರತಿ ಪಾಯಿಂಟ್‌ಗೂ ಅಪ್ಪನ ಮುಖ ನೋಡಬಹುದು ಎಂದು ಇದರ ಅರ್ಥವಲ್ಲ.

ಓದಿನ ವಿಚಾರದಲ್ಲಿ ಹತ್ತನೇ ತರಗತಿಯ ನಂತರ ರಾಷ್ಟ್ರೀಯ ಮುಕ್ತ ಶಾಲೆ ಹಲವರಿಗೆ ಒಗ್ಗುತ್ತದೆ. 18ಕ್ಕೆ ವೃತ್ತಿಪರ ರ‍್ಯಾಂಕಿಂಗ್ ಸಾವಿರದ ಆಸುಪಾಸಿನಲ್ಲಿದ್ದರೆ ಅಮೆರಿಕದ ಕಾಲೇಜು ಟೆನಿಸ್ ಸೋಲಲ್ಲ. ಸೋಮ್‌ದೇವ್ ದೇವವರ್ಮನ್ 2007, 2008ರಲ್ಲಿ ಸತತ ಎರಡು ಸಲ ಅಲ್ಲಿನ ಕಾಲೇಜು ಚಾಂಪಿಯನ್. ಪುಣೆಯ ಅರ್ಜುನ್ ಕಾಢೆ ಒಕ್ಲಹಾಮಾ ಸ್ಟೇಟ್‌ನಲ್ಲಿ, ಋತುಜಾ ಭೋಸಲೆ ಟೆಕ್ಸಸ್ ಎ ಆ್ಯಂಡ್ ಎಂನಲ್ಲಿ ಆಡಿ ಬಂದವರು. ಬಹುಮಾನದ ಹಣಕ್ಕೆ ಅಲ್ಲಿ ನಿಯಮಗಳಿವೆ, ಆಗಾಗ ಬದಲಾಗುತ್ತಲೂ ಇರುತ್ತವೆ. ಆದ್ದರಿಂದ 15ರಿಂದಲೇ ಪ್ರತಿ ಟೂರ್ನಿಯ ಗಳಿಕೆ, ಖರ್ಚಿನ ರಸೀದಿ ಕೂಡಿಡಬೇಕು. ಬೆಟ್ಟಿಂಗ್‌ನಲ್ಲಿ ಸೋತವರು ಮಕ್ಕಳ ಮೊಬೈಲಿಗೆ ಕೊಳಕು ಸಂದೇಶ ಕಳಿಸುತ್ತಾರೆ. ಟೂರ್ನಿ ವಾರದಲ್ಲಿ ಮಕ್ಕಳ ಸಾಮಾಜಿಕ ಜಾಲತಾಣದ ಖಾತೆಗಳು ಪೋಷಕರ ಕೈಯಲ್ಲಿರಲಿ. ‘ಶಕ್ತಿ ಪುಡಿ’ಗಳ ಬಗ್ಗೆ ಒಂದೇ ಮಾತು: ನಿಷೇಧಿತ ವಸ್ತು ಮೈಯಲ್ಲಿ ಸಿಕ್ಕರೆ ಅದಕ್ಕೆ ಹೊಣೆ ಆಟಗಾರನೇ, ಅಂಗಡಿಯವನಲ್ಲ.

ಸಂಪಾದಕರಲ್ಲಿ ನಮ್ಮ ಕೋರಿಕೆ ಸಣ್ಣದು. ಟೂರ್ನಿ ಸುದ್ದಿ ಬರೆಯುವಾಗ ಹಂತವನ್ನು, ಅಂದರೆ ಜೆ-30ಓ ಡಬ್ಲ್ಯು-15ಓ ಎಂಬುದನ್ನು ಬರೆಯಿರಿ. ಅರ್ಹತಾ ಸುತ್ತೋ ಮುಖ್ಯ ಡ್ರಾವೋ ಎಂದು ತಿಳಿಸಿ. ಸೀಡಿಂಗ್‌ಗೆ ಶ್ರೇಯಾಂಕ, ಉಳಿದದ್ದಕ್ಕೆ ರ‍್ಯಾಂಕಿಂಗ್ ಎಂದು ಒಂದೇ ರೀತಿ ಬಳಸಿ. ಯಾವ ರ‍್ಯಾಂಕಿಂಗ್, ರಾಷ್ಟ್ರೀಯವೋ ಜೂನಿಯರ್ ವಿಶ್ವದ್ದೋ ವೃತ್ತಿಪರದ್ದೋ ಎಂದು ಒಂದು ಪದ ಸೇರಿಸಿ. ಇದಕ್ಕೆ ಎರಡು ಸಾಲು ಹೆಚ್ಚು ಬೇಕಾಗುವುದಿಲ್ಲ.

ಮುಂಬೈ, ಪುಣೆಯ ಕನ್ನಡ ಸಂಘಗಳಿಗೂ ಒಂದು ಮಾತು. ಜೆ-60 ಗೆದ್ದ ಮಗುವಿಗೆ ಶಾಲು, ಹಾರ, ಫಲಕ ಕೊಡುವುದು ನಿಮ್ಮ ಪ್ರೀತಿ, ಬೇಡ ಎನ್ನುವುದಿಲ್ಲ. ಆದರೆ ಅದೇ ಖರ್ಚಿನಲ್ಲಿ ಒಂದು ತಂತಿಯ ರೀಲ್ ಬರುತ್ತದೆ. ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನಿಂದ ಬಾಲೆವಾಡಿಗೋ ಕೂಪರೇಜ್‌ಗೋ ಆಡಲು ಬರುವ ಮಕ್ಕಳು ಲಾಡ್ಜ್‌ಗೆ ವಾರಗಟ್ಟಲೆ ದುಡ್ಡು ಸುರಿಯುತ್ತಾರೆ. ಆ ಊರುಗಳಿಂದ ಬಂದು ಇಲ್ಲಿ ನೆಲೆಸಿದವರ ಮನೆಯಲ್ಲಿ ಒಂದು ಕೋಣೆ, ಬೆಳಿಗ್ಗೆ ಆರಕ್ಕೆ ಇಡ್ಲಿ, ಸಂಜೆ ಅನ್ನ ಸಾರು ಸಿಕ್ಕರೆ ಅವರ ವಾರದ ಖರ್ಚು ಅರ್ಧಕ್ಕಿಳಿಯುತ್ತದೆ. ನಮ್ಮವರ ಹೋಟೆಲುಗಳಿಗೆ ಅದೇನು ಭಾರವಲ್ಲ. ಕೊಡುವ ಮನಸ್ಸಿದ್ದರೆ ಕೋಚ್‌ನ ಟಿಕೆಟ್ಟಿಗೆ ಕೊಡಿ, ಅದೂ ಟೂರ್ನಿಗೆ ಮೂರು ವಾರ ಮೊದಲು, ಹೆಸರು ಕೊಡುವ ಗುರುವಾರಕ್ಕೆ ಮುಂಚೆ.

— ಟೆನಿಸ್ ತರಬೇತಿ ಮತ್ತು ರಾಕೆಟ್ ಸ್ಟ್ರಿಂಗಿಂಗ್ ಕೆಲಸದಲ್ಲಿರುವ ಕೆಲವು ಕನ್ನಡಿಗರು, ಪುಣೆ ಮತ್ತು ಮುಂಬೈ